ಒಂದೇ ಪ್ರಶ್ನೆಪತ್ರಿಕೆ, ಬೇರೆ ಬೇರೆ ಎದೆಬಡಿತ



ನಾನು ವಾರವಿಡೀ ಸಾಫ್ಟ್‌ವೇರ್ ಎಂಜಿನಿಯರ್, ಶುಕ್ರವಾರ ಬೆಳಿಗ್ಗೆ ಮಾತ್ರ ನಿಮ್ಮ ಕನ್ನಡ ಮೇಷ್ಟ್ರು. ಈ ಸಲ ಪತ್ರಿಕೆಗೆ ಪರೀಕ್ಷೆಯ ಭಯದ ಬಗ್ಗೆ ಬರೆಯುತ್ತಿದ್ದೇನೆ. ನಾನು ಮನಃಶಾಸ್ತ್ರ ಓದಿದವನಲ್ಲ. ಆದರೆ ನಮ್ಮ ಮನೆಯಲ್ಲಿ ಕಳೆದ ವರ್ಷ ನಡೆದ ಒಂದು ಘಟನೆಯಿಂದ ಈ ವಿಷಯವನ್ನು ಕೂತು ಓದಲೇಬೇಕಾಯಿತು. ಓದಿದ್ದರಲ್ಲಿ ನಿಮಗೆ ಉಪಯೋಗವಾಗುವಂಥದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ಮಕ್ಕಳು ಮತ್ತು ದೊಡ್ಡವರು ಒಟ್ಟಿಗೆ ಕೂತು ಓದಿದರೆ ಇನ್ನೂ ಒಳ್ಳೆಯದು.

ಬೋರ್ಡಿನ ಮೇಲೆ ಎರಡು ಪಟ್ಟಿ

ಜನವರಿಯ ಒಂದು ಶುಕ್ರವಾರ ದೊಡ್ಡ ಮಕ್ಕಳ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆ. "ಪರೀಕ್ಷೆ ಅಂದ ತಕ್ಷಣ ನಿಮಗೆ ಏನಾಗುತ್ತೆ? ಕನ್ನಡದಲ್ಲೇ ಹೇಳಬೇಕು."

ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಎದೆ ಢವಢವ ಅನ್ನುತ್ತೆ. ಕೈ ತಣ್ಣಗಾಗುತ್ತೆ. ಬಾಯಿ ಒಣಗುತ್ತೆ. ಹೊಟ್ಟೆಯೊಳಗೆ ತಳಮಳ. ಪದೇ ಪದೇ ಬಾತ್‌ರೂಮಿಗೆ ಹೋಗಬೇಕು ಅನಿಸುತ್ತೆ. ಇವನ್ನೆಲ್ಲ ಬೋರ್ಡಿನ ಎಡಗಡೆ ಬರೆದೆ.

ಆಮೇಲೆ ಬೇರೆ ಥರದ ಉತ್ತರಗಳು ಬಂದವು. "ಅಮ್ಮ ಏನಂತಾರೋ ಅನ್ಸುತ್ತೆ." "ಎಲ್ಲರೂ ಬರೀತಿದ್ದಾರೆ, ನಾನೊಬ್ಬನೇ ಸುಮ್ನೆ ಕೂತಿದ್ದೀನಿ ಅನ್ಸುತ್ತೆ." "ಇದು ಹೋದ್ರೆ ಸೈನ್ಸ್ ಸಿಗಲ್ಲ ಅನ್ಸುತ್ತೆ." ಇವನ್ನು ಬಲಗಡೆ ಬರೆದೆ.

ಎಡಗಡೆಯದು ಮೈಯಲ್ಲಿ ಆಗುವುದು. ಅದಕ್ಕೆ ಗಾಬರಿ ಎಂದು ಹೆಸರಿಡೋಣ. ಬಲಗಡೆಯದು ಮನಸ್ಸು ಆಡುವ ಮಾತು. ಅದಕ್ಕೆ ಚಿಂತೆ ಎನ್ನೋಣ. 1967ರಲ್ಲಿ ಅಮೆರಿಕದ ಲೀಬರ್ಟ್ ಮತ್ತು ಮಾರಿಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಪರೀಕ್ಷೆಯ ಆತಂಕವನ್ನು ಸರಿಯಾಗಿ ಹೀಗೆಯೇ ಎರಡು ಭಾಗ ಮಾಡಿ ನೋಡಿದರು. 1988ರಲ್ಲಿ ಹೆಂಬ್ರೀ ಎಂಬ ಸಂಶೋಧಕರು 562 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗಲೂ ಒಂದು ವಿಷಯ ಸ್ಪಷ್ಟವಾಯಿತು. ಅಂಕ ಕಡಿಮೆಯಾಗುವುದರ ಜೊತೆ ಹೆಚ್ಚು ನಂಟಿರುವುದು ಗಾಬರಿಗಲ್ಲ, ಚಿಂತೆಗೆ.

ಇದು ಒಳ್ಳೆಯ ಸುದ್ದಿ. ನಿಮ್ಮ ಕೈ ತಣ್ಣಗಾದರೆ ಅಂಕ ಹೋಯಿತು ಎಂದು ಅರ್ಥವಲ್ಲ. ಅದು ದೇಹ ಕೆಲಸಕ್ಕೆ ಸಿದ್ಧವಾಗುತ್ತಿರುವ ಗುರುತು. ಆಟದ ಮೊದಲು ಖೋ ಖೋ ಆಟಗಾರನಿಗೂ ಹೀಗೆಯೇ ಆಗುತ್ತದೆ.

ಇನ್ನೊಂದು ಮಾತು. ಇದು ನಿಮಗೊಬ್ಬರಿಗೇ ಆಗುವುದಲ್ಲ. 2015ರ ಪೀಸಾ ಸಮೀಕ್ಷೆಯಲ್ಲಿ ಹದಿನೈದು ವರ್ಷದ ಮಕ್ಕಳನ್ನು ಕೇಳಿದ್ದರು. ಕತಾರ್ ಕೂಡ ಭಾಗವಹಿಸಿದ್ದ ಸಮೀಕ್ಷೆ ಅದು. ಒಇಸಿಡಿ ದೇಶಗಳ ಸರಾಸರಿ ನೋಡಿದರೆ, ಚೆನ್ನಾಗಿ ತಯಾರಾಗಿದ್ದರೂ ಪರೀಕ್ಷೆ ಎಂದರೆ ತುಂಬಾ ಆತಂಕ ಆಗುತ್ತದೆ ಎಂದವರು 55%. ಅಂದರೆ ನಿಮ್ಮ ಅಕ್ಕಪಕ್ಕದ ಬೆಂಚಿನಲ್ಲಿ ಆರಾಮಾಗಿ ಕೂತಂತೆ ಕಾಣುವವರಲ್ಲೂ ಎಷ್ಟೋ ಜನರ ಎದೆ ಹೊಡೆದುಕೊಳ್ಳುತ್ತಿರುತ್ತದೆ.

ನಮ್ಮ ಮನೆಯ ಕಥೆ

ಈ ಕಥೆ ಬರೆಯಲು ನನ್ನ ಮಗಳ ಒಪ್ಪಿಗೆ ಕೇಳಿದ್ದೇನೆ. "ಹೆಸರು ಹಾಕಬೇಡಿ, ಉಳಿದಿದ್ದು ಬರೀರಿ" ಎಂದಿದ್ದಾಳೆ.

ಕಳೆದ ವರ್ಷ ಮಗಳು ಹತ್ತನೇ ತರಗತಿ, ಮಗ ಎಂಟನೇ ತರಗತಿ. ಇಬ್ಬರೂ ಬೆಳೆದದ್ದು ಒಂದೇ ಫ್ಲಾಟಿನಲ್ಲಿ, ತಿಂದದ್ದು ಒಂದೇ ಅಡುಗೆ. ಆದರೂ ಸ್ವಭಾವ ಉತ್ತರ, ದಕ್ಷಿಣ. ಮಗಳು ಪೆನ್ಸಿಲ್ ಬಾಕ್ಸನ್ನು ಹಿಂದಿನ ರಾತ್ರಿಯೇ ಎರಡು ಸಲ ನೋಡುವವಳು. ಮಗ ಬೆಳಿಗ್ಗೆ ಕಾರಿನಲ್ಲಿ ಕೂತ ಮೇಲೆ "ಅಪ್ಪಾ, ಇವತ್ತು ಯಾವ ಪರೀಕ್ಷೆ?" ಎಂದು ಕೇಳುವವನು.

ಪ್ರೀ-ಬೋರ್ಡ್ ಗಣಿತದ ದಿನ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವಾಗ ಧೈರ್ಯ ಹೇಳೋಣ ಎಂದುಕೊಂಡು ಹೇಳಿದೆ: "ನಿನ್ನ ಬಗ್ಗೆ ನಮಗೆ ಚಿಂತೆಯೇ ಇಲ್ಲ ಪುಟ್ಟಿ. ನಮ್ಮ ಚಿಂತೆಯೆಲ್ಲ ನಿನ್ನ ತಮ್ಮನದ್ದು."

ಮಧ್ಯಾಹ್ನ ವಾಪಸ್ ಕರೆತರುವಾಗ ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮನೆಗೆ ಬಂದವಳು ಯೂನಿಫಾರಂ ಕೂಡ ಬದಲಿಸದೆ ಮಲಗಿದಳು. ಸಂಜೆ ಅವಳಮ್ಮ ಪಕ್ಕದಲ್ಲಿ ಕೂತು ಕೇಳಿದ ಮೇಲೆ ಗೊತ್ತಾಯಿತು. ಕೊನೆಯ ಎರಡು ದೊಡ್ಡ ಲೆಕ್ಕಗಳನ್ನು ಮುಟ್ಟಿಯೇ ಇರಲಿಲ್ಲ. ಎರಡೂ ಅವಳು ಮನೆಯಲ್ಲಿ ಮಾಡಿದ್ದ ಮಾದರಿಯ ಲೆಕ್ಕಗಳೇ.

ಅವಳು ಹೇಳಿದ್ದು ಇಷ್ಟು: "ಶುರುವಿನಲ್ಲೇ ಒಂದು ಲೆಕ್ಕ ಬರಲಿಲ್ಲ. ಇದು ಬಿಟ್ರೆ ಅಪ್ಪಂಗೆ ನನ್ನ ಬಗ್ಗೆ ಚಿಂತೆ ಶುರುವಾಗುತ್ತೆ ಅನ್ನಿಸ್ತು. ಆಮೇಲೆ ಅದೇ ತಲೇಲಿ ತಿರುಗ್ತಾ ಇತ್ತು."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗಾದೆ ಇದೆ. ಆವತ್ತು ದೊಣ್ಣೆ ನನ್ನ ಕೈಯಲ್ಲೇ ಇತ್ತು. ನಾನು ಹೊಗಳಿಕೆ ಎಂದುಕೊಂಡು ಹೇಳಿದ್ದನ್ನು ಅವಳು ಹೊರೆಯಾಗಿ ಹೊತ್ತುಕೊಂಡು ಹೋಗಿದ್ದಳು. ಇದೇ ಮಾತನ್ನು ಮಗನಿಗೆ ಹೇಳಿದ್ದರೆ ಅವನು "ಥ್ಯಾಂಕ್ಸ್ ಅಪ್ಪಾ" ಎಂದು ಇಳಿದು ಓಡುತ್ತಿದ್ದ. ಮಾತು ಒಂದೇ, ಕೇಳುವ ಸ್ವಭಾವ ಬೇರೆ. ಹಾಗಾದರೆ ಈ ಸ್ವಭಾವ ಅಂದರೆ ಏನು?

ಸ್ವಭಾವದ ಐದು ಗುಂಡಿಗಳು

ಸ್ವಭಾವವನ್ನು ಅಳೆಯುವ ಕೆಲಸ ಶುರುವಾದದ್ದು ನಿಘಂಟಿನಿಂದ ಎಂದರೆ ನಂಬುತ್ತೀರಾ? 1936ರಲ್ಲಿ ಗೋರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ ಎಂಬುವರು ಇಂಗ್ಲಿಷ್ ನಿಘಂಟನ್ನು ಜಾಲಾಡಿ ಮನುಷ್ಯರ ನಡವಳಿಕೆ, ಗುಣ ಹೇಳುವ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು. ಜನರಿಗೆ ಮುಖ್ಯ ಅನಿಸಿದ ಗುಣಗಳಿಗೆ ಭಾಷೆಯಲ್ಲಿ ಪದ ಇದ್ದೇ ಇರುತ್ತದೆ ಎಂಬುದು ಇದರ ಹಿಂದಿನ ಯೋಚನೆ. ನಮ್ಮ ಕನ್ನಡದಲ್ಲೂ ನೋಡಿ: ಪುಕ್ಕಲ, ಹುಂಬ, ಸಾಧು, ಮುಂಗೋಪಿ, ಹಠಮಾರಿ, ಮಾತುಗಾರ, ಸಂಕೋಚದವಳು, ಅಚ್ಚುಕಟ್ಟಿನವಳು, ಸೋಮಾರಿ. ಆಮೇಲೆ ಬಂದ ಸಂಶೋಧಕರು ಇಂಥ ಪದಗಳನ್ನು ಗುಂಪು ಮಾಡುತ್ತಾ ಹೋಗಿ ಕೊನೆಗೆ ಐದು ದೊಡ್ಡ ಗುಂಪುಗಳಿಗೆ ಬಂದು ನಿಂತರು.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಸೌಂಡ್ ಮಿಕ್ಸರ್ ನೋಡಿದ್ದೀರಲ್ಲ? ಸಾಲಾಗಿ ಮೇಲೆ ಕೆಳಗೆ ಸರಿಸುವ ಗುಂಡಿಗಳು. ಈ ಐದು ಗುಣಗಳೂ ಹಾಗೆಯೇ. ಒಬ್ಬರಲ್ಲಿ ಇದೆ, ಇನ್ನೊಬ್ಬರಲ್ಲಿ ಇಲ್ಲ ಎಂದಲ್ಲ. ಎಲ್ಲರಲ್ಲೂ ಐದೂ ಇವೆ, ಮಟ್ಟ ಮಾತ್ರ ಬೇರೆ.

1. ಕುತೂಹಲ: ಹೊಸದನ್ನು ತಿಳಿಯುವ, ಕಲ್ಪಿಸಿಕೊಳ್ಳುವ ಆಸೆ.
2. ಶಿಸ್ತು: ಹೇಳಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ, ಅಚ್ಚುಕಟ್ಟಾಗಿ ಮಾಡುವ ಗುಣ.
3. ಬೆರೆಯುವ ಗುಣ: ಜನರ ನಡುವೆ ಇದ್ದರೆ ಹುರುಪು ಬರುವುದು.
4. ಸೌಮ್ಯತೆ: ಬೇರೆಯವರ ಮನಸ್ಸು ನೋಯಿಸದೆ ಹೊಂದಿಕೊಂಡು ಹೋಗುವುದು.
5. ಅಳುಕು: ತೊಂದರೆ ಬರಬಹುದು ಎಂದು ಮನಸ್ಸು ಬೇಗ ಎಚ್ಚರಗೊಳ್ಳುವುದು, ಬೇಗ ನೊಂದುಕೊಳ್ಳುವುದು.

ಐದನೆಯದಕ್ಕೆ ಪುಸ್ತಕಗಳಲ್ಲಿ ನ್ಯೂರಾಟಿಸಿಸಂ ಎನ್ನುತ್ತಾರೆ. ಕೇಳಿದರೆ ಕಾಯಿಲೆಯ ಹೆಸರಿನಂತಿದೆ, ಆದರೆ ಕಾಯಿಲೆ ಅಲ್ಲ. ಅದಕ್ಕೇ ನಾನು ಅಳುಕು ಎಂಬ ನಮ್ಮ ಮನೆಮಾತಿನ ಪದ ಹಾಕಿದ್ದೇನೆ.

ಯಾವ ಗುಂಡಿಗೂ ಪರೀಕ್ಷೆಯ ಭಯಕ್ಕೂ ನಂಟು?

ಹಲವು ದೇಶಗಳ ಅಧ್ಯಯನಗಳಲ್ಲಿ ಪರೀಕ್ಷೆಯ ಆತಂಕದ ಜೊತೆ ಅತಿ ಹೆಚ್ಚು ನಂಟು ಕಂಡಿರುವುದು ಐದನೆಯ ಗುಂಡಿಗೆ, ಅಂದರೆ ಅಳುಕಿಗೆ. ಇದು ನಿರೀಕ್ಷಿಸಿದ್ದೇ. ಬೇರೆ ಎಲ್ಲದಕ್ಕೂ ಬೇಗ ಎಚ್ಚರಗೊಳ್ಳುವ ಮನಸ್ಸು ಪರೀಕ್ಷೆಗೂ ಎಚ್ಚರಗೊಳ್ಳುತ್ತದೆ.

ಸ್ವಾರಸ್ಯ ಇರುವುದು ಶಿಸ್ತಿನ ಗುಂಡಿಯಲ್ಲಿ. ಶಿಸ್ತು ಇದ್ದವರು ಮೊದಲೇ ಓದಿ ಮುಗಿಸುತ್ತಾರೆ, ಆದ್ದರಿಂದ ಅವರಿಗೆ ಭಯ ಕಡಿಮೆ ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಎಷ್ಟೋ ಮಕ್ಕಳಲ್ಲಿ ಅದು ನಿಜವೂ ಹೌದು. ಆದರೆ ಶಿಸ್ತಿನ ಜೊತೆ ಅಳುಕೂ ಸೇರಿದರೆ? ಆಗ ಇನ್ನೊಂದು ಗುಣ ತಲೆ ಎತ್ತಬಹುದು: ಎಲ್ಲವೂ ತಪ್ಪಿಲ್ಲದೆ ಆಗಬೇಕು ಎಂಬ ಹಠ. ಪರಿಪೂರ್ಣತೆಯ ಹಠ ಎನ್ನೋಣ.

1991ರಲ್ಲಿ ಕೆನಡಾದ ಹೆವಿಟ್ ಮತ್ತು ಫ್ಲೆಟ್ ಈ ಹಠದಲ್ಲಿ ಮೂರು ಬಗೆ ಇದೆ ಎಂದು ತೋರಿಸಿದರು. "ನಾನು ತಪ್ಪು ಮಾಡಬಾರದು" ಎಂಬುದು ಒಂದು. "ಬೇರೆಯವರು ತಪ್ಪು ಮಾಡಬಾರದು" ಎಂಬುದು ಎರಡನೆಯದು. "ನಾನು ತಪ್ಪು ಮಾಡಿದರೆ ನನ್ನವರು ಸಹಿಸುವುದಿಲ್ಲ" ಎಂಬುದು ಮೂರನೆಯದು. ಆತಂಕ, ಬೇಸರಗಳ ಜೊತೆ ಹೆಚ್ಚು ಅಂಟಿಕೊಂಡಿರುವುದು ಈ ಮೂರನೆಯದು. ಗಮನಿಸಿ, ನನ್ನವರು ನಿಜವಾಗಿ ಹಾಗೆ ಹೇಳಿರಬೇಕೆಂದಿಲ್ಲ. ಹಾಗೆಂದು ಮಗುವಿಗೆ ಅನಿಸಿದರೆ ಸಾಕು.

ನನ್ನ ಮಗಳ ತಲೆಯಲ್ಲಿ ತಿರುಗುತ್ತಿದ್ದದ್ದು ಯಾವುದು ಎಂದು ಓದಿದಾಗ ನನಗೆ ಅರ್ಥವಾಯಿತು.

ಇನ್ನು ಅಳುಕು ಕಡಿಮೆ ಇರುವ ಮಗನ ವಿಷಯ. ಭಯ ಇಲ್ಲ ಎಂದರೆ ತಯಾರಿ ಇದೆ ಎಂದರ್ಥವಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬುವರು ಇಲಿಗಳಿಗೆ ಎರಡು ಪೆಟ್ಟಿಗೆಗಳ ವ್ಯತ್ಯಾಸ ಗುರುತಿಸಲು ಕಲಿಸಿದರು. ತಪ್ಪು ಪೆಟ್ಟಿಗೆಗೆ ಹೋದರೆ ಸಣ್ಣ ಶಾಕ್. ವ್ಯತ್ಯಾಸ ಗುರುತಿಸುವುದು ಕಷ್ಟವಾಗಿದ್ದಾಗ ಶಾಕ್ ತೀರಾ ಕಡಿಮೆ ಇದ್ದರೂ ಇಲಿಗಳು ನಿಧಾನ ಕಲಿತವು, ತೀರಾ ಹೆಚ್ಚಾದರೂ ನಿಧಾನ ಕಲಿತವು. ಮಕ್ಕಳು ಇಲಿಗಳಲ್ಲ, ನಿಜ. ಆದರೂ ಪಲ್ಯಕ್ಕೆ ಉಪ್ಪಿನಂತೆ ಒಂದು ಹದದ ಎಚ್ಚರ ಬೇಕು. ಮಗನಿಗೆ ಒಂದು ಚಿಟಿಕೆ ಸೇರಿಸಬೇಕಿತ್ತು, ಮಗಳಿಗೆ ಆಗಲೇ ಹೆಚ್ಚಾಗಿತ್ತು. ನಾನು ಇಬ್ಬರ ತಟ್ಟೆಗೂ ಒಂದೇ ಅಳತೆ ಹಾಕುತ್ತಿದ್ದೆ.

ಒಂದು ಎಚ್ಚರಿಕೆ. ನಂಟು ಇದೆ ಎಂದರೆ ಕಾರಣ ಅದೇ ಎಂದಲ್ಲ. ಸಾವಿರಾರು ಮಕ್ಕಳ ಸರಾಸರಿ ನಿಮ್ಮ ಜಾತಕವೂ ಅಲ್ಲ. "ನನ್ನ ಸ್ವಭಾವವೇ ಹೀಗೆ, ಏನೂ ಮಾಡೋಕಾಗಲ್ಲ" ಎಂದು ದಯವಿಟ್ಟು ಈ ಲೇಖನ ತೋರಿಸಬೇಡಿ!

ತಲೆಯೊಳಗಿನ ಮೆಮೊರಿ

ಚಿಂತೆ ಅಂಕವನ್ನು ಹೇಗೆ ಕದಿಯುತ್ತದೆ? ನನ್ನ ಕಸುಬಿನ ಭಾಷೆಯಲ್ಲಿ ಹೇಳುತ್ತೇನೆ. ಫೋನಿನಲ್ಲಿ ಸ್ಟೋರೇಜ್ ಬೇರೆ, ರ್‍ಯಾಮ್ ಬೇರೆ. ಸ್ಟೋರೇಜ್‌ನಲ್ಲಿ ಸಾವಿರಾರು ಫೋಟೋ ಇರಬಹುದು. ಆದರೆ ಈ ಕ್ಷಣದ ಕೆಲಸ ನಡೆಯುವುದು ರ್‍ಯಾಮ್‌ನಲ್ಲಿ, ಅದು ಚಿಕ್ಕದು. ನಮ್ಮ ತಲೆಯಲ್ಲೂ ಈ ಕ್ಷಣ ಹಿಡಿದಿಟ್ಟುಕೊಳ್ಳಲು ಆಗುವುದು ಬೆರಳೆಣಿಕೆಯಷ್ಟು ಸಂಗತಿಗಳನ್ನು ಮಾತ್ರ. ಒಂದು ಲೆಕ್ಕ ಮಾಡುವಾಗ ಸೂತ್ರ, ಕೊಟ್ಟ ಸಂಖ್ಯೆ, ಈಗ ಬಂದ ಉತ್ತರ, ಮುಂದಿನ ಹೆಜ್ಜೆ ಇಷ್ಟಕ್ಕೇ ಜಾಗ ತುಂಬುತ್ತದೆ. ಅದರ ನಡುವೆ "ಅಪ್ಪ ಏನಂತಾರೋ" ಎಂಬ ಆ್ಯಪ್ ಹಿಂದೆ ಓಡುತ್ತಿದ್ದರೆ? ಫೋನ್ ಹ್ಯಾಂಗ್ ಆದಂತೆ ತಲೆಯೂ ನಿಲ್ಲುತ್ತದೆ. 1992ರಲ್ಲಿ ಐಸೆಂಕ್ ಮತ್ತು ಕಾಲ್ವೋ ಕೊಟ್ಟ ವಿವರಣೆ ಸುಮಾರಾಗಿ ಇದೇ.

ಆದರೆ ವಿಜ್ಞಾನದಲ್ಲಿ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 2022ರಲ್ಲಿ ಜರ್ಮನಿಯ ಸಂಶೋಧಕರು ದೊಡ್ಡ ಪರೀಕ್ಷೆಗೆ ಓದುತ್ತಿದ್ದ 309 ವೈದ್ಯಕೀಯ ವಿದ್ಯಾರ್ಥಿಗಳನ್ನು ತಯಾರಿಯ ದಿನಗಳಿಂದಲೇ ಗಮನಿಸಿದರು. ಪರೀಕ್ಷೆಗೆ ಮೊದಲು ಯಾರಿಗೆ ಎಷ್ಟು ಗೊತ್ತಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಆತಂಕದಿಂದ ಪರೀಕ್ಷೆಯ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆತಂಕ ಹೆಚ್ಚಿದ್ದವರಿಗೆ ಮೊದಲೇ ತಿಳಿವಳಿಕೆ ಕಡಿಮೆಯಾಗಿತ್ತು. ಅಂದರೆ ಅವರ ಪ್ರಕಾರ ಕಳ್ಳ ಬರುವುದು ಪರೀಕ್ಷೆಯ ಹಾಲಿಗಲ್ಲ, ಅದಕ್ಕೂ ಎಷ್ಟೋ ವಾರ ಮೊದಲು, ಓದುವ ಮೇಜಿಗೆ. ಅವರು ನೋಡಿದ್ದು ದೊಡ್ಡ ವಿದ್ಯಾರ್ಥಿಗಳನ್ನು, ಹತ್ತನೇ ತರಗತಿಯ ಮಕ್ಕಳನ್ನಲ್ಲ. ಆದರೂ ನಾನು ಮಗಳ ಓದನ್ನು ಹೊಸದಾಗಿ ಗಮನಿಸಿದೆ. ಅವಳು ಗಂಟೆಗಟ್ಟಲೆ ಕೂರುತ್ತಿದ್ದಳು ನಿಜ, ಆದರೆ ಬರುವ ಪಾಠವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಬಾರದ ಪಾಠವನ್ನು ತೆರೆಯಲು ಭಯ, ಅದಕ್ಕೇ ತೆರೆಯುತ್ತಿರಲಿಲ್ಲ.

ಓದುವ ರೀತಿ ಬದಲಿಸಿ

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಒಂದು ಪ್ರಯೋಗ ಮಾಡಿದರು. ಒಂದು ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದು. ಬರೀ ಓದಿದಾಗ "ಬರುತ್ತೆ" ಎಂಬ ಭ್ರಮೆ ಬರುತ್ತದೆ, ಮುಚ್ಚಿ ಬರೆದಾಗ ನಿಜವಾಗಿ ಬರುತ್ತದೆ.

ಭಯಕ್ಕೂ ಇದೇ ಮದ್ದು. 2014ರಲ್ಲಿ ಅಮೆರಿಕದ 1,408 ಶಾಲಾ ಮಕ್ಕಳನ್ನು ಕೇಳಿದರು. ತರಗತಿಯಲ್ಲಿ ಹೀಗೆ ನೆನಪಿನಿಂದ ಉತ್ತರಿಸುವ ಅಭ್ಯಾಸ ಮಾಡಿದ ಮೇಲೆ ಪರೀಕ್ಷೆಯ ಭಯ ಕಡಿಮೆಯಾಯಿತು ಎಂದವರು 72%. ಈಜು ಕಲಿತಂತೆ ಇದು. ದಡದಲ್ಲಿ ಕೂತು ನೀರು ನೋಡಿದರೆ ಭಯ ಹೋಗುವುದಿಲ್ಲ, ಸೊಂಟದ ಮಟ್ಟದ ನೀರಿಗೆ ದಿನಾ ಇಳಿಯಬೇಕು.

ಈಗ ನಿಮ್ಮ ನಿಮ್ಮ ಗುಂಡಿ ನೋಡಿಕೊಂಡು ಏನು ಮಾಡಬಹುದು ಹೇಳುತ್ತೇನೆ.

ಅಳುಕು ಹೆಚ್ಚಿದ್ದರೆ: ದಿನಾ ಹತ್ತು ನಿಮಿಷ ಪುಸ್ತಕ ಮುಚ್ಚಿ ಬರೆಯಿರಿ. ಅಂಕ ಹಾಕಬೇಡಿ, ಯಾರಿಗೂ ತೋರಿಸಬೇಡಿ. ಬಾರದ ಪಾಠದಿಂದ ಮೊದಲ ಒಂದು ಪುಟ ಮಾತ್ರ ತೆಗೆದುಕೊಳ್ಳಿ. ಪರೀಕ್ಷೆಯ ಬೆಳಿಗ್ಗೆ ಎದೆ ಹೊಡೆದುಕೊಂಡರೆ "ಶಾಂತವಾಗಿರು" ಎಂದು ಗದರಿಸಿಕೊಳ್ಳುವ ಬದಲು "ನಾನು ರೆಡಿ" ಎಂದುಕೊಳ್ಳಿ. ಮೈಯ ಗಾಬರಿಯನ್ನು ಒದ್ದು ಓಡಿಸಬೇಕಿಲ್ಲ, ಅದರ ಹೆಸರು ಬದಲಿಸಿದರೆ ಸಾಕು.

ಪರಿಪೂರ್ಣತೆಯ ಹಠ ಇದ್ದರೆ: ಲೆಕ್ಕ ಬಿಡುವುದನ್ನೇ ಅಭ್ಯಾಸ ಮಾಡಿ. ಮನೆಯಲ್ಲಿ ಮಾದರಿ ಪತ್ರಿಕೆ ಬರೆಯುವಾಗ ಒಂದು ಲೆಕ್ಕದಲ್ಲಿ ಐದು ನಿಮಿಷ ಸಿಕ್ಕಿಕೊಂಡರೆ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಕೊನೆಗೆ ಚುಕ್ಕೆಗಳಿಗೆ ವಾಪಸ್ ಬನ್ನಿ. ನನ್ನ ಮಗಳಿಗೆ ಇದೇ ಎಲ್ಲಕ್ಕಿಂತ ಕಷ್ಟವಾಗಿತ್ತು, ಇದೇ ಎಲ್ಲಕ್ಕಿಂತ ಉಪಯೋಗವಾಯಿತು.

ಬೆರೆಯುವ ಗುಣ ಹೆಚ್ಚಿದ್ದರೆ: ಗೆಳೆಯರಿಗೆ ಪಾಠ ಹೇಳಿಕೊಡಿ, ಅದೂ ಪುಸ್ತಕ ಮುಚ್ಚಿದಂತೆಯೇ. ಆದರೆ ಪರೀಕ್ಷೆಯ ಬೆಳಿಗ್ಗೆ ಗೇಟಿನ ಬಳಿ "ಆ ಚಾಪ್ಟರ್ ಓದಿದ್ಯಾ?" ಎನ್ನುವ ಗುಂಪಿನಿಂದ ದೂರವಿರಿ. ಒಬ್ಬರ ಗಾಬರಿ ಹತ್ತು ಜನಕ್ಕೆ ಹಬ್ಬುತ್ತದೆ.

ಮೌನಿಗಳಾಗಿದ್ದರೆ: ಭಯವನ್ನು ಬಾಯಿಬಿಟ್ಟು ಹೇಳಲು ನಿಮಗೆ ಕಷ್ಟ. ಬರೆದುಕೊಳ್ಳಿ. 2011ರಲ್ಲಿ ರಾಮಿರೆಜ್ ಮತ್ತು ಬೈಲಾಕ್ ಎಂಬುವರು ಪರೀಕ್ಷೆಗೆ ಮೊದಲು ಹತ್ತು ನಿಮಿಷ ತಮ್ಮ ಚಿಂತೆ ಬರೆದಿಟ್ಟ ಮಕ್ಕಳಿಗೆ ಒಳ್ಳೆಯ ಅಂಕ ಬಂತು ಎಂದು ಪ್ರಕಟಿಸಿದ್ದರು. 2018ರಲ್ಲಿ ಪ್ರಕಟವಾದ ಇನ್ನೊಂದು ತಂಡದ ಮರುಪ್ರಯೋಗದಲ್ಲಿ ಅದೇ ಫಲ ಬರಲಿಲ್ಲ. ಆದ್ದರಿಂದ ಬರೆದರೆ ಅಂಕ ಏರುತ್ತದೆ ಎಂದು ನಾನು ಹೇಳುವುದಿಲ್ಲ. ಮನಸ್ಸು ಹಗುರಾದರೆ ಬರೆಯಿರಿ, ಖರ್ಚೇನಿಲ್ಲ.

ಅಳುಕು ತೀರಾ ಕಡಿಮೆ ಇದ್ದರೆ: ನನ್ನ ಮಗನಂಥವರೇ, ನೀವೂ ಪುಸ್ತಕ ಮುಚ್ಚಿ ಬರೆಯಿರಿ. ಬರುತ್ತೆ ಎಂದುಕೊಂಡದ್ದು ಎಷ್ಟು ಬರುವುದಿಲ್ಲ ಎಂದು ಗೊತ್ತಾದರೆ ಬೇಕಾದಷ್ಟು ಎಚ್ಚರ ತಾನಾಗಿ ಬರುತ್ತದೆ.

ಇನ್ನು ಬೋರ್ಡ್ ಪರೀಕ್ಷೆ ಬರೆಯುವವರಿಗೆ ಒಂದು ಲೆಕ್ಕ. ಸಿಬಿಎಸ್‌ಇ ಪರೀಕ್ಷೆ ಭಾರತದ ಸಮಯ ಬೆಳಿಗ್ಗೆ 10.30ಕ್ಕೆ ಶುರು. ನಾವು ಎರಡೂವರೆ ಗಂಟೆ ಹಿಂದೆ ಇದ್ದೇವೆ, ಆದ್ದರಿಂದ ದೋಹಾದಲ್ಲಿ ಅದು 8 ಗಂಟೆ. ಅದಕ್ಕೂ ಮೊದಲು 15 ನಿಮಿಷ ಪತ್ರಿಕೆ ಓದಲು ಕೊಡುತ್ತಾರೆ, ಅಂದರೆ ಇಲ್ಲಿ 7.45ಕ್ಕೆ. ರಾತ್ರಿ ಒಂದು ಗಂಟೆವರೆಗೆ ಓದಿದ ತಲೆ ಅಷ್ಟು ಬೆಳಿಗ್ಗೆ ಚುರುಕಾಗಿ ಇರುವುದಿಲ್ಲ. ಮಾದರಿ ಪತ್ರಿಕೆಯನ್ನು ಶನಿವಾರ ಬೆಳಿಗ್ಗೆ ಅದೇ ಹೊತ್ತಿಗೆ ಬರೆದು ನೋಡಿ. ಆ 15 ನಿಮಿಷದಲ್ಲಿ "ಯಾವುದು ಬರಲ್ಲ" ಎಂದು ಹುಡುಕಬೇಡಿ. ಮೊದಲು ಬರೆಯಬಹುದಾದ ಮೂರು ಪ್ರಶ್ನೆ ಗುರುತು ಮಾಡಿಕೊಳ್ಳಿ.

ಪೋಷಕರೇ, ಇದು ನಮಗೆ

ನಮ್ಮ ಮಕ್ಕಳ ಮೇಲೆ ಒಂದು ಹೆಚ್ಚಿನ ತೂಕ ಇದೆ. "ಊರು, ಅಪ್ಪ ಅಮ್ಮ ಎಲ್ಲ ಬಿಟ್ಟು ಈ ಬಿಸಿಲಲ್ಲಿ ದುಡೀತಿರೋದು ನಿಮಗೋಸ್ಕರ" ಎಂದು ನಾವು ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ಕೇಳಿಸುತ್ತದೆ. ಹನ್ನೆರಡನೇ ತರಗತಿ ಮುಗಿದ ಮೇಲೆ ಹಲವರು ಈ ಊರು ಬಿಟ್ಟು ಹೋಗಬೇಕು. ಫಲಿತಾಂಶದ ದಿನ ಊರಿನಿಂದ ಅಜ್ಜಿ, ಚಿಕ್ಕಪ್ಪ, ಸೋದರತ್ತೆಯರ ಫೋನು ಸಾಲಾಗಿ ಬರುತ್ತದೆ: "ಎಷ್ಟು ಬಂತು?" ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮೂರನೇ ಬಗೆಯ ಹಠ ಇರುವ ಮಗುವಿಗೆ ಅದು ಹೇಗೆ ಕೇಳಿಸುತ್ತದೆ ಯೋಚಿಸಿ.

ನಾನು ಮಾಡಿದ ತಪ್ಪಿನ ನಂತರ ಮನೆಯಲ್ಲಿ ಮೂರು ಬದಲಾವಣೆ ಮಾಡಿಕೊಂಡೆವು.

ಒಂದು, ಇಬ್ಬರು ಮಕ್ಕಳನ್ನು ಒಂದೇ ವಾಕ್ಯದಲ್ಲಿ ಹೋಲಿಸುವುದಿಲ್ಲ, ಹೊಗಳುವಾಗಲೂ.

ಎರಡು, ಶಾಲೆಯ ಗೇಟಿನ ಬಳಿ ಅಂಕದ ಮಾತಿಲ್ಲ. "ಸಂಜೆ ಏನು ತಿಂಡಿ ಮಾಡೋಣ?" ಅಷ್ಟೇ. ಮಗಳು ಪ್ರತಿ ಸಲ ಮಂಡಕ್ಕಿ ಎಂದಳು. ಗಣಿತವಾಗಲಿ ವಿಜ್ಞಾನವಾಗಲಿ, ಸಂಜೆ ಮಂಡಕ್ಕಿ ಮಾತ್ರ ಖಾತ್ರಿ ಇತ್ತು.

ಮೂರು, ನಮ್ಮ ಸೋಲನ್ನೂ ಹೇಳುತ್ತೇವೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪರೀಕ್ಷೆಯಲ್ಲಿ ನನಗೂ ಅರ್ಧ ಗಂಟೆ ತಲೆ ಖಾಲಿಯಾಗಿತ್ತು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ನಾನದನ್ನು ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಮಗಳಿಗೆ ಹೇಳಿದೆ. "ಆಮೇಲೆ ಏನಾಯ್ತು?" ಎಂದಳು. "ಅಂದುಕೊಂಡಿದ್ದ ಕಾಲೇಜು ಸಿಗಲಿಲ್ಲ, ಬೇರೆ ಸಿಕ್ತು. ಅಲ್ಲೇ ನಿಮ್ಮಮ್ಮ ಸಿಕ್ಕಿದ್ದು" ಎಂದೆ. ಆವತ್ತಿನ ದಿನದಲ್ಲಿ ಅವಳು ಮೊದಲ ಸಲ ನಕ್ಕಳು.

ಬೋರ್ಡ್ ಪರೀಕ್ಷೆಯ ದಿನ ಅವಳ ಕೈ ತಣ್ಣಗಾಗಲಿಲ್ಲವೇ? ಆಯಿತು. ಸ್ವಭಾವ ಎರಡು ತಿಂಗಳಲ್ಲಿ ಬದಲಾಗುವುದಿಲ್ಲ. ಆದರೆ ಗಣಿತದ ಪತ್ರಿಕೆಯ ಅಂಚಿನಲ್ಲಿ ನಾಲ್ಕು ಚುಕ್ಕೆ ಇಟ್ಟು, ಮೂರಕ್ಕೆ ವಾಪಸ್ ಹೋಗಿ ಬರೆದು ಬಂದಳು. ನಾಲ್ಕನೆಯದು ಕೊನೆಗೂ ಬರಲಿಲ್ಲ. ಕಾರಿನಲ್ಲಿ ಕೂತು ಅದನ್ನು ತಾನಾಗಿ ಹೇಳಿದಳು. ಅವಳು ಎಷ್ಟು ಅಂಕ ತೆಗೆದಳು ಎಂದು ಇಲ್ಲಿ ಬರೆಯುವುದಿಲ್ಲ, ಕೇಳಲೂಬೇಡಿ!

ಭಯ ಮಿತಿ ಮೀರಿದರೆ

ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಶಾಲೆಗೆ ಹೋಗಲು ಮಗು ಅಳುತ್ತಿದ್ದರೆ, "ನಾನು ಇರೋದೇ ಬೇಡ" ಎಂಬಂಥ ಮಾತು ಒಮ್ಮೆ ಬಂದರೂ, ಅದು ಬರೀ ಸ್ವಭಾವ ಎಂದು ಸುಮ್ಮನಾಗಬೇಡಿ. ಪರೀಕ್ಷೆ ಮುಗಿಯಲಿ ಎಂದು ಕಾಯಲೂಬೇಡಿ. ಶಾಲೆಯ ಕೌನ್ಸೆಲರ್ ಹತ್ತಿರ ಹೋಗಿ. ಕತಾರ್‌ನಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 16000ಕ್ಕೆ ಕರೆ ಮಾಡಬಹುದು. ಸಿಬಿಎಸ್‌ಇ ಕೂಡ 1998ರಿಂದ ಪರೀಕ್ಷೆಯ ಕಾಲದಲ್ಲಿ ಮಕ್ಕಳಿಗೂ ಪೋಷಕರಿಗೂ ಉಚಿತ ಸಲಹೆಯ ವ್ಯವಸ್ಥೆ ನಡೆಸುತ್ತಿದೆ. ಜ್ವರ ಬಂದರೆ ಡಾಕ್ಟರ ಬಳಿ ಹೋಗಲು ನಾಚಿಕೆ ಪಡುತ್ತೇವೆಯೇ? ಇದೂ ಹಾಗೆಯೇ.

ಮನೆಗೆಲಸ

ಮೇಷ್ಟ್ರು ಅಂದ ಮೇಲೆ ಹೋಂವರ್ಕ್ ಇಲ್ಲದಿದ್ದರೆ ಹೇಗೆ?

1. ಅಜ್ಜಿ ಅಥವಾ ತಾತನಿಗೆ ಫೋನ್ ಮಾಡಿ. ಮನುಷ್ಯರ ಸ್ವಭಾವ ಹೇಳುವ ಹತ್ತು ಕನ್ನಡ ಪದ ಕೇಳಿ ಬರೆದುಕೊಳ್ಳಿ. ಪ್ರತಿ ಪದ ಐದು ಗುಂಡಿಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಗುರುತಿಸಿ.

2. ಅಳುಕು, ಅಂಜಿಕೆ, ಹೆದರಿಕೆ, ಗಾಬರಿ, ಕಳವಳ, ಚಿಂತೆ, ದಿಗಿಲು. ಈ ಏಳು ಪದಗಳನ್ನು ಬಳಸಿ ಒಂದೊಂದು ವಾಕ್ಯ ಮಾಡಿ. ಯಾವುದು ಮೈಯ ಪಟ್ಟಿಗೆ, ಯಾವುದು ಮನಸ್ಸಿನ ಪಟ್ಟಿಗೆ?

3. ಅಪ್ಪ ಅಮ್ಮನಿಗೆ ಒಂದೇ ಒಂದು ಪ್ರಶ್ನೆ ಕೇಳಿ: "ನಿಮಗೆ ಯಾವ ಪರೀಕ್ಷೆಯಲ್ಲಿ ಭಯ ಆಗಿತ್ತು? ಆಮೇಲೆ ಏನಾಯ್ತು?" ಉತ್ತರವನ್ನು ಅರ್ಧ ಪುಟ ಕನ್ನಡದಲ್ಲಿ ಬರೆದು ಮುಂದಿನ ಶುಕ್ರವಾರ ತನ್ನಿ.

ಅಂಕ ಹಾಕುವುದಿಲ್ಲ. ಕಾಗುಣಿತ ಮಾತ್ರ ತಿದ್ದುತ್ತೇನೆ.